ಗೋಧಿಯೋ ಬಿಳಿಜೋಳವೋ? ಕೊಡಗಿನ ಮಂಜಿನಲ್ಲಿ ರೋಲರ್ ಪಾರಿವಾಳ ಹಾರಿಸುವವರಿಗೆ

ಮೂರು ವರ್ಷದ ಹಿಂದಿನ ಮಾತು. ನವೆಂಬರ್ ಕೊನೆ, ಸಂಜೆ ನಾಲ್ಕು ಗಂಟೆ. ಸುಂಟಿಕೊಪ್ಪದ ಹತ್ತಿರ ನಮ್ಮ ಮನೆ. ಹಿಂದಿನ ಕಾಫಿ ಕಣದಿಂದ 16 ರೋಲರ್ ಹಕ್ಕಿ ಬಿಟ್ಟೆ. ಚಳಿ ಶುರುವಾಗಿತ್ತು. ಪಾಪ, ಮೈಗೆ ಸ್ವಲ್ಪ ಕಾವು ಬರಲಿ ಅಂತ ಹಿಂದಿನ ನಾಲ್ಕು ದಿನ ಮುಸುಕಿನ ಜೋಳ, ಕಡಲೆ ಎರಡನ್ನೂ ಕೈಬಿಚ್ಚಿ ಹಾಕಿದ್ದೆ. ಹಕ್ಕಿಗಳು ಪಟಪಟ ರೆಕ್ಕೆ ಬಡಿದು ಏರಿದವು. ಅರ್ಧ ಗಂಟೆಗೆ ಇಳಿಯುವ ಗುಂಪು ಒಂದು ಗಂಟೆಯಾದರೂ ಸಿಲ್ವರ್ ಓಕ್ ಮರಗಳಿಗಿಂತ ಎಷ್ಟೋ ಮೇಲೆ ಸುತ್ತುತ್ತಲೇ ಇತ್ತು. ಕಾಳಿನ ಡಬ್ಬ ಅಲ್ಲಾಡಿಸಿದೆ. ಶಿಳ್ಳೆ ಹಾಕಿದೆ. ಒಂದು ಹಕ್ಕಿಯೂ ಕೆಳಗೆ ನೋಡಲಿಲ್ಲ. ಅಷ್ಟರಲ್ಲಿ ಕಣಿವೆಯಿಂದ ಮೋಡ ಎದ್ದು ತೋಟವನ್ನೆಲ್ಲ ಮುಚ್ಚಿತು. ಸ್ವಲ್ಪ ಹೊತ್ತು ರೆಕ್ಕೆಯ ಸದ್ದು ಮಾತ್ರ ಕೇಳಿಸಿತು. ಆಮೇಲೆ ಅದೂ ಇಲ್ಲ. ರಾತ್ರಿ ಟಾರ್ಚ್ ಹಾಕಿ ಎಣಿಸಿದರೆ ಗೂಡಿನಲ್ಲಿ 7. ಮಾರನೇ ಬೆಳಿಗ್ಗೆ 4 ಬಂದವು. ಉಳಿದ 5 ಬರಲೇ ಇಲ್ಲ.

ಹೊಟ್ಟೆ ತುಂಬಿದ ಹಕ್ಕಿಗೆ ಇಳಿಯುವ ಅವಸರ ಯಾಕಿರುತ್ತದೆ ಹೇಳಿ? ತಪ್ಪು ನನ್ನದೇ.

ಅವತ್ತಿನಿಂದ ಯಾವ ಕಾಳು ಕೈಗೆತ್ತಿಕೊಂಡರೂ ಮೊದಲು ಕೇಳಿಕೊಳ್ಳುವುದು ಒಂದೇ: ಇದನ್ನು ತಿಂದ ಹಕ್ಕಿ ನಾಳೆ ಎಷ್ಟು ಹೊತ್ತಿಗೆ ಇಳಿಯುತ್ತದೆ? ಬಯಲುಸೀಮೆಯಲ್ಲಿ ಹಕ್ಕಿ ಅರ್ಧ ಗಂಟೆ ಜಾಸ್ತಿ ಹಾರಿದರೆ ಏನೂ ಹೋಗುವುದಿಲ್ಲ. ಕೊಡಗಿನಲ್ಲಿ ಆಕಾಶ ತುಂಡು ತುಂಡಾಗಿ ಸಿಗುತ್ತದೆ. ಮಂಜು ಕರಗಿದ ಮೇಲೆ ಒಂದಿಷ್ಟು, ಮಳೆ ಬರುವ ಮುಂಚೆ ಒಂದಿಷ್ಟು. ಆ ತುಂಡಿನೊಳಗೆ ಹಕ್ಕಿ ಏರಬೇಕು, ಆಟ ತೋರಿಸಬೇಕು, ಇಳಿದು ಗೂಡು ಸೇರಬೇಕು. ಕೆಳಗೆ ಬರೆದ ಹೋಲಿಕೆಯೆಲ್ಲ ಈ ಲೆಕ್ಕದ ಮೇಲೆ ನಿಂತಿದೆ.

ಹೊಸಬರಿಗೆ ಎರಡು ಮಾತು

ರೋಲರ್ ಅಂದರೆ ಹಾರುತ್ತಾ ಹಾರುತ್ತಾ ತಟ್ಟನೆ ಹಿಂದಕ್ಕೆ ಲಾಗ ಹಾಕುವ ಪಾರಿವಾಳ. ಒಂದೆರಡು ಲಾಗ ಹಾಕಿ ಸುಮ್ಮನಾಗುವ ಹಕ್ಕಿಗೆ ಟಂಬ್ಲರ್ ಅನ್ನುತ್ತಾರೆ. ಒಳ್ಳೆಯ ರೋಲರ್ ಎಷ್ಟು ಬೇಗ ಸುತ್ತುತ್ತದೆ ಅಂದರೆ ರೆಕ್ಕೆ, ಬಾಲ ಬೇರೆ ಬೇರೆಯಾಗಿ ಕಾಣುವುದಿಲ್ಲ. ಒಂದು ಉಂಡೆ ಕೆಳಗೆ ಉರುಳಿದ ಹಾಗೆ ಕಾಣುತ್ತದೆ. ಉರುಳಿ ನಿಂತು, ಸರ್ರನೆ ಏರಿ ಮತ್ತೆ ಗುಂಪು ಸೇರುತ್ತದೆ. ಈ ಗುಂಪಿಗೆ ಕಿಟ್ ಅಂತಾರೆ.

ಈ ಹುಚ್ಚು ನಮ್ಮ ದೇಶಕ್ಕೆ ಹೊಸದೇನಲ್ಲ. ಅಕ್ಬರನ ಆಸ್ಥಾನದಲ್ಲಿ ಪಾರಿವಾಳ ಹಾರಿಸುವುದಕ್ಕೆ ಇಶ್ಕ್‌ಬಾಜಿ ಅಂತ ಹೆಸರಿತ್ತು. ಲಾಗ ಹಾಕುವ ಹಕ್ಕಿಗಳಿಗೆ ಅಲ್ಲಿ ವಿಶೇಷ ಮರ್ಯಾದೆ. ಈಗ ಎಲ್ಲರೂ ಮಾತಾಡುವ ಬರ್ಮಿಂಗ್‌ಹ್ಯಾಮ್ ರೋಲರ್ ಇಂಗ್ಲೆಂಡಿನ ಆ ಊರು ಮತ್ತು ಅದರ ಸುತ್ತಮುತ್ತ ತಯಾರಾದ ತಳಿ.

ಸ್ಪರ್ಧೆಯ ನಿಯಮ ಕೇಳಿದರೆ ಈ ಆಟದ ಒಳಗುಟ್ಟು ತಿಳಿಯುತ್ತದೆ. ವಿಶ್ವಕಪ್ ಅಂತ ನಡೆಯುವ ರೋಲರ್ ಸ್ಪರ್ಧೆಯಲ್ಲಿ 20 ಹಕ್ಕಿಯ ಗುಂಪನ್ನು 20 ನಿಮಿಷ ನೋಡುತ್ತಾರೆ. ಒಂದು ಹಕ್ಕಿ ಒಂಟಿಯಾಗಿ ಎಷ್ಟು ಚಂದ ಉರುಳಿದರೂ ಅಂಕ ಇಲ್ಲ. ಕನಿಷ್ಠ 5 ಹಕ್ಕಿ ಒಟ್ಟಿಗೆ ಉರುಳಬೇಕು. ಆಮೇಲೆ ಉರುಳಿನ ಅಂದ ಹೇಗಿತ್ತು, ಎಷ್ಟು ಆಳಕ್ಕೆ ಹೋದವು ಅಂತ ನೋಡುತ್ತಾರೆ. ಅಂದರೆ 20 ಹಕ್ಕಿಗಳ ಮೈಕಟ್ಟು, ಹಸಿವು, ಉತ್ಸಾಹ ಎಲ್ಲ ಒಂದೇ ಮಟ್ಟದಲ್ಲಿರಬೇಕು. ಅದನ್ನು ಹೊಂದಿಸುವುದು ಕಾಳು.

ತಳಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಓರಿಯೆಂಟಲ್ ರೋಲರ್ ಅಂತ ಇನ್ನೊಂದಿದೆ. ಪಾರಿವಾಳಕ್ಕೆ ಸಾಮಾನ್ಯವಾಗಿ ಬಾಲದ ಗರಿ 12, ಇದಕ್ಕೆ ಅದಕ್ಕಿಂತ ಜಾಸ್ತಿ. ಆಟವೂ ಬಗೆಬಗೆ. ಆದರೆ ಎತ್ತರಕ್ಕೆ ಹೋಗುತ್ತದೆ, ಗುಂಪಿಗೆ ಅಂಟಿಕೊಳ್ಳುವುದಿಲ್ಲ. ಮಡಿಕೇರಿ, ಭಾಗಮಂಡಲದ ಕಡೆ ಇದನ್ನು ಹಾರಿಸುವುದು ಅಂದರೆ ಹಕ್ಕಿಯನ್ನು ಮೋಡಕ್ಕೆ ಕೊಟ್ಟ ಹಾಗೆ. ನೆಲದ ಮೇಲೆ ಉರುಳುವ ಲೋಟನ್ ಹಾರಿಸುವ ಹಕ್ಕಿಯೇ ಅಲ್ಲ. ಆದ್ದರಿಂದ ನಮ್ಮ ಗುಡ್ಡಗಳಿಗೆ ಗುಂಪು ಬಿಡದ ಬರ್ಮಿಂಗ್‌ಹ್ಯಾಮ್ ಒಳ್ಳೆಯದು. ಒಂದು ಎಚ್ಚರ: ರೇಸಿನ ಹೋಮರ್ ಹಕ್ಕಿಯ ಹಾಗೆ ದೂರದಿಂದ ದಾರಿ ಹುಡುಕಿ ಬರುವ ಶಕ್ತಿ ರೋಲರಿಗೆ ಕಮ್ಮಿ. ಕಣ್ಣಿಗೆ ಗೂಡು ಕಾಣುವಷ್ಟು ದೂರದಲ್ಲೇ ಅದು ಇರಬೇಕು.

ಕಾಳುಗಳ ಜಗಳ

ರೋಲರ್ ಸಾಕುವವರು ಇಬ್ಬರು ಸೇರಿದರೆ ಗೋಧಿಯೋ ಜೋಳವೋ ಅಂತ ವಾದ ಶುರುವಾಗುತ್ತದೆ. ಅಮೆರಿಕದವರ ವಿಡಿಯೋಗಳಲ್ಲಿ ಮೈಲೋ, ಮೈಲೋ ಅಂತ ಹೇಳುತ್ತಿರುತ್ತಾರೆ. ಅದೇನೋ ಸಿಗದ ವಸ್ತು ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದು ನಮ್ಮ ಜೋಳವೇ. ಅವರದು ಕೆಂಪು, ರೊಟ್ಟಿಗೆ ಬಳಸುವ ನಮ್ಮದು ಬಿಳಿ.

ಇಲ್ಲೊಂದು ಗೊಂದಲ ಇದೆ, ಮೊದಲೇ ಹೇಳಿಬಿಡುತ್ತೇನೆ. ಕುಶಾಲನಗರದ ಅಂಗಡಿಯಲ್ಲಿ ಬರೀ "ಜೋಳ ಕೊಡಿ" ಅಂದರೆ ಮುಸುಕಿನ ಜೋಳ ತೂಗಿ ಕೊಡುತ್ತಾರೆ. ಆ ಕಡೆ, ಪಿರಿಯಾಪಟ್ಟಣದ ಕಡೆ ಬೆಳೆಯುವುದು ಅದೇ. ಬೇಕಾದ್ದು ಬಿಳಿಜೋಳ ಅಥವಾ ರೊಟ್ಟಿ ಜೋಳ ಅಂತ ಬಿಡಿಸಿ ಕೇಳಿ.

ಬಿಳಿಜೋಳದ ಗುಣ ಹೀಗೆ. ಕಾಳು ಚಿಕ್ಕದು, ದುಂಡಗೆ, ಕೊರಳಿನ ಚೀಲದಿಂದ ಬೇಗ ಇಳಿಯುತ್ತದೆ. ಪ್ರೋಟೀನ್ ನೂರಕ್ಕೆ 10ರ ಆಸುಪಾಸು. ಇದನ್ನೇ ಮುಖ್ಯ ಮಾಡಿದ ವಾರ ನನ್ನ ಹಕ್ಕಿಗಳು 20ರಿಂದ 30 ನಿಮಿಷ ಹಾರಿ ತಾವಾಗಿಯೇ ಇಳಿಯುತ್ತವೆ. ಎತ್ತರವೂ ಮಿತಿ. ಮೈ ಹಗುರ, ಉರುಳುವುದೂ ಪದೇ ಪದೇ. ತೊಂದರೆ ಏನೆಂದರೆ, ಇದೊಂದನ್ನೇ ತಿಂಗಳುಗಟ್ಟಲೆ ಹಾಕಿದರೆ ಎದೆಯ ಮಾಂಸ ಇಳಿಯುತ್ತದೆ. ಬಲ ಇಲ್ಲದ ಹಕ್ಕಿ ಉರುಳಿದರೆ ನಿಲ್ಲಿಸಿಕೊಳ್ಳಲು ಆಗದೆ ಹೆಂಚಿಗೋ ಮರಕ್ಕೋ ಬಡಿದುಕೊಳ್ಳಬಹುದು.

ಗೋಧಿ ನಿಧಾನದ ಕಾಳು. ಪ್ರೋಟೀನ್ 12ರ ಹತ್ತಿರ, ಕೊಬ್ಬು ತೀರಾ ಕಮ್ಮಿ. ಹಕ್ಕಿ ಗಟ್ಟಿಯಾಗಿರುತ್ತದೆ, ಗುಂಪು ಬಿಗಿಯಾಗಿ ಹಾರುತ್ತದೆ, ಹೆಚ್ಚು ಹೊತ್ತು ಹಾರುತ್ತದೆ. ಬರೀ ಗೋಧಿಯ ಮೇಲೆ ವರ್ಷಪೂರ್ತಿ ಹಾರಿಸುವವರು ಇದ್ದಾರೆ, ಅವರ ಹಕ್ಕಿಗಳೂ ಚೆನ್ನಾಗಿವೆ. ಕುಶಾಲನಗರದಲ್ಲಿ ನನ್ನ ಸ್ನೇಹಿತರೊಬ್ಬರು ಹಾಗೇ ಮಾಡುತ್ತಾರೆ. ಅವರಿಗೆ ಬಯಲು ಇದೆ, ಮಳೆ ಕಮ್ಮಿ, ಮಂಜು ಬೇಗ ಕರಗುತ್ತದೆ. ಹಕ್ಕಿ ಮುಕ್ಕಾಲು ಗಂಟೆ ಹಾರಿದರೂ ಅವರು ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಾ ನೋಡುತ್ತಾರೆ. ಅದೇ ಲೆಕ್ಕವನ್ನು ನಾಪೋಕ್ಲು ಕಡೆಯವರು ಹಿಡಿದರೆ ನನಗಾದದ್ದೇ ಆಗುತ್ತದೆ.

ಹಾಗಾಗಿ ನನ್ನ ಮಾತು ಹೀಗೆ: ಸೋಮವಾರಪೇಟೆಯಿಂದ ಕುಶಾಲನಗರದವರೆಗಿನ ಪೂರ್ವದ ಅಂಚಿನವರು ಗೋಧಿ ಮುಕ್ಕಾಲು, ಜೋಳ ಕಾಲು. ಮಡಿಕೇರಿ, ನಾಪೋಕ್ಲು, ಭಾಗಮಂಡಲದ ಕಡೆಯವರು ಜೋಳ ಮುಕ್ಕಾಲು, ಗೋಧಿ ಕಾಲು. ನಡುವಿನ ನಾವು, ಸುಂಟಿಕೊಪ್ಪ, ಸಿದ್ದಾಪುರದವರು, ಅರ್ಧ ಅರ್ಧ ಮಾಡಿ ಆಕಾಶ ನೋಡಿ ಆ ಕಡೆ ಈ ಕಡೆ ಎಳೆದುಕೊಳ್ಳುವುದು. ನಾಳೆ ಮೋಡ ಅನಿಸಿದರೆ ಇವತ್ತು ಸಂಜೆ ಜೋಳ ಜಾಸ್ತಿ. ಒಂದು ವಾರ ಬಿಸಿಲು ಗ್ಯಾರಂಟಿ ಅನಿಸಿದರೆ ಗೋಧಿ.

ಮುಸುಕಿನ ಜೋಳ ನಾನು ಹಾರುವ ಹಕ್ಕಿಗೆ ನಿಲ್ಲಿಸಿಬಿಟ್ಟೆ. ಅದರಲ್ಲಿ ಕೊಬ್ಬು ಗೋಧಿಗಿಂತ ಜಾಸ್ತಿ. ಹೊತ್ತುಗಟ್ಟಲೆ ಹಾರುವ ಟಿಪ್ಲರ್ ಹಕ್ಕಿಗೆ ಸರಿ. ಅವು 20 ಗಂಟೆಗೂ ಮೇಲೆ ಹಾರಿದ ದಾಖಲೆ ಇದೆ, ರೋಲರಿಗೆ ಆ ಕೆಲಸ ಇಲ್ಲ. ಇನ್ನೊಂದು ಕಾರಣ ಬೂಷ್ಟು. ನಮ್ಮ ಮಳೆಗಾಲದಲ್ಲಿ ಮುಸುಕಿನ ಜೋಳದ ಕಣ್ಣಿನ ಹತ್ತಿರ ಹಸಿರು, ಕಪ್ಪು ಪುಡಿ ಕೂರುತ್ತದೆ. ಆ ಬೂಷ್ಟಿನ ವಿಷ ಹಕ್ಕಿಯ ಲಿವರಿಗೆ ಕೆಟ್ಟದ್ದು. ತೊಳೆದರೂ ಹೋಗುವುದಿಲ್ಲ, ಒಣಗಿಸಿದರೂ ಹೋಗುವುದಿಲ್ಲ. ಅಂಥದ್ದನ್ನು ಗೊಬ್ಬರದ ಗುಂಡಿಗೆ ಹಾಕಿ, ಕೋಳಿಗೂ ಬೇಡ.

ಬಟಾಣಿ, ಹೆಸರುಕಾಳು, ಹುರುಳಿ: ಇವುಗಳಲ್ಲಿ ಪ್ರೋಟೀನ್ 20ರಿಂದ 24. ಮರಿ ಮಾಡುವ ಜೋಡಿಗೆ, ಗರಿ ಬರುವ ಹಕ್ಕಿಗೆ, ಈಗಷ್ಟೇ ಗೂಡು ಬಿಟ್ಟ ಮರಿಗೆ ಬೇಕೇ ಬೇಕು. ಹಾರುವ ಗುಂಪಿಗೆ ಮಾತ್ರ ವಾರಕ್ಕೆ ಒಂದು ಸಲ, ಒಂದು ಹಿಡಿ. ಜಾಸ್ತಿಯಾದರೆ ಹಕ್ಕಿ ಬಿಗಿಯುತ್ತದೆ. ಸುತ್ತುತ್ತದೆ, ಏರುತ್ತದೆ, ಉರುಳುವುದನ್ನೇ ಮರೆಯುತ್ತದೆ.

ಭತ್ತ ನಮ್ಮ ಗದ್ದೆಯಲ್ಲೇ ಇದೆಯಲ್ಲ, ಅದನ್ನೇ ಹಾಕಬಾರದಾ ಅಂತ ಕೇಳುತ್ತಾರೆ. ಹಾಕಬಹುದು. ಹೊರದೇಶದವರು ಹಕ್ಕಿಯ ಮೈ ಇಳಿಸಲು ಸಿಪ್ಪೆ ಇರುವ ಬಾರ್ಲಿ ಹಾಕುತ್ತಾರೆ. ನಮಗೆ ಆ ಕೆಲಸಕ್ಕೆ ಭತ್ತ ಸಾಕು. ಸಿಪ್ಪೆ ಜಾಸ್ತಿ, ಹೊಟ್ಟೆ ತುಂಬುತ್ತದೆ, ಕೊಬ್ಬು ಕೂರುವುದಿಲ್ಲ. ಆದರೆ ಬೇರೆ ಕಾಳು ಇದ್ದರೆ ಹಕ್ಕಿ ಅದನ್ನು ಮೂಸಿಯೂ ನೋಡುವುದಿಲ್ಲ. ರಾಗಿ ಮರಿಗಳಿಗೆ ಚೆನ್ನ, ಸುಣ್ಣದಂಶ ಬೇರೆ ಧಾನ್ಯಕ್ಕಿಂತ ಎಷ್ಟೋ ಜಾಸ್ತಿ. ಬೇಯಿಸಿದ ಅನ್ನ ಬೇಡವೇ ಬೇಡ.

ಪ್ಯಾಕೆಟ್ ಮಿಕ್ಸ್ ಬಗ್ಗೆ ನನಗೆ ಬೇರೆಯೇ ತಕರಾರು. ಕಾಳು ಕೆಟ್ಟದ್ದು ಅಂತಲ್ಲ. ಅದರಲ್ಲಿ ಹತ್ತು ಬಗೆ ಇರುತ್ತದೆ: ಕುಸುಬೆ, ಸೂರ್ಯಕಾಂತಿ, ಬಟಾಣಿ, ಸಜ್ಜೆ, ಮುಸುಕಿನ ಜೋಳ. ತಟ್ಟೆಗೆ ಸುರಿದು ಒಂದು ನಿಮಿಷ ಸುಮ್ನೆ ಕೂತು ನೋಡಿ. ಜೋರಿರುವ ಗಂಡು ಕುಸುಬೆ, ಬಟಾಣಿ ಆರಿಸಿ ನುಂಗುತ್ತದೆ. ಮೂಲೆಯ ಹೆದರುಪುಕ್ಕ ಹೆಣ್ಣಿಗೆ ಉಳಿಯುವುದು ಸಜ್ಜೆ. ಮಾರನೇ ದಿನ ಒಂದು ಹಕ್ಕಿ ಮೋಡ ಮುಟ್ಟಲು ಹೊರಟರೆ ಇನ್ನೊಂದು ಹತ್ತು ನಿಮಿಷಕ್ಕೆ ಹೆಂಚಿನ ಮೇಲೆ. ಗುಂಪು ಒಡೆಯುವುದು ಹೀಗೆ. ಒಂದೆರಡು ಕಾಳು ಮಾತ್ರ ಇದ್ದರೆ ಆರಿಸಲು ಏನಿದೆ? ಎಲ್ಲವೂ ಒಂದೇ ಊಟ ಮಾಡುತ್ತವೆ, ಒಂದೇ ಹೊತ್ತಿಗೆ ಹಸಿಯುತ್ತವೆ. ಮಿಕ್ಸ್ ಜೋಡಿ ಹಕ್ಕಿಗಳಿಗೆ ಇರಲಿ.

ತೂಕದ ತಕ್ಕಡಿಯೋ, ಕೈಯೋ?

ಹಾರುವ ದೊಡ್ಡ ಹಕ್ಕಿಗೆ ದಿನಕ್ಕೆ 25ರಿಂದ 30 ಗ್ರಾಂ. 20 ಹಕ್ಕಿಗೆ ಅರ್ಧ ಕೆಜಿಗಿಂತ ಸ್ವಲ್ಪ ಮೇಲೆ. ದಿನಕ್ಕೆ ಒಂದೇ ಸಲ, ಹಾರಿ ಬಂದ ಮೇಲೆ; ಹಾರಿಸದ ದಿನ ಸಂಜೆ. ಹಾರುವ ಮುಂಚೆ ಒಂದು ಕಾಳೂ ಇಲ್ಲ. ಇದು ಶುರುವಿನ ಲೆಕ್ಕ. ಒಂದು ತಿಂಗಳು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಹಾಕಿ. ಹೆಂಡತಿಯೋ ಅಮ್ಮನೋ ಬೈಯುತ್ತಾರೆ, ಪರವಾಗಿಲ್ಲ. ಆಮೇಲೆ ಕೈಗೆ ಬಿಡಿ.

ಕೈ ಅಂದರೆ ಏನು ಅಂತ ಹೇಳುತ್ತೇನೆ. ಹಕ್ಕಿಯನ್ನು ಅಂಗೈಯಲ್ಲಿ ಕೂರಿಸಿ, ಕಾಲು ಎರಡು ಬೆರಳ ನಡುವೆ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳನ್ನು ಎದೆಮೂಳೆಯ ಮೇಲೆ ಮೇಲಿಂದ ಕೆಳಕ್ಕೆ ಎಳೆಯಿರಿ. ಮೂಳೆ ಸಿಗಲೇ ಇಲ್ಲ, ಎರಡೂ ಕಡೆ ಮಾಂಸ ಉಬ್ಬಿ ನಡುವೆ ಗುಳಿ ಬಿದ್ದಿದೆ ಅಂದರೆ ಹಕ್ಕಿ ದಪ್ಪ. ನಾಳೆ ಇಳಿಯುವುದಿಲ್ಲ. ಚಾಕುವಿನ ಬೆನ್ನಿನ ಹಾಗೆ ಮೂಳೆ ಎದ್ದು ಸಿಕ್ಕಿತು, ಪಕ್ಕದಲ್ಲಿ ಮಾಂಸ ಇಳಿಜಾರು ಅಂದರೆ ಹಕ್ಕಿ ಸೊರಗಿದೆ, ನಾಳೆ ಹಾರಿಸಲೇ ಬೇಡಿ. ಬೇಕಾದದ್ದು ಇವೆರಡರ ನಡುವಿನದು: ಮೂಳೆ ಬೆರಳಿಗೆ ತಿಳಿಯಬೇಕು, ಚುಚ್ಚಬಾರದು. ಒಂದು ಹಕ್ಕಿ ಹಿಡಿದು ಗುಂಪಿನ ತೀರ್ಪು ಕೊಡಬೇಡಿ. ನಾಲ್ಕೈದು ಹಿಡಿದು ನೋಡಿ.

ಹಿಕ್ಕೆಯೂ ಮಾತಾಡುತ್ತದೆ. ಬೆಳಿಗ್ಗೆ ಹಲಗೆಯ ಮೇಲೆ ಗಟ್ಟಿ ಕಂದು ಉಂಡೆ, ತಲೆ ಮೇಲೆ ಬಿಳಿ ಟೋಪಿ, ಅದಕ್ಕೆ ಅಂಟಿದ ಒಂದು ಸಣ್ಣ ತುಪ್ಪುಳ. ಇಷ್ಟಿದ್ದರೆ ಹೊಟ್ಟೆ ಸರಿ ಇದೆ. ಹಸಿರು ನೀರು ನೀರಾಗಿದ್ದರೆ ಹಸಿವು ಜಾಸ್ತಿಯಾಗಿದೆ ಅಥವಾ ಕಾಯಿಲೆ ಇದೆ. ಎರಡರಲ್ಲಿ ಯಾವುದಾದರೂ ಅವತ್ತು ಗೂಡಿನ ಬಾಗಿಲು ತೆಗೆಯಬಾರದು.

ಕಾಳು ಹಾಕುವ ರೀತಿಯೂ ಮುಖ್ಯ. ಕೆಲವರು ನೆಲಕ್ಕೆ ಚೆಲ್ಲುತ್ತಾರೆ. ನೋಡಲು ಚಂದ. ನಮ್ಮ ತೇವದಲ್ಲಿ ನೆಲದ ಹಿಕ್ಕೆಯ ಜೊತೆ ಹುಳು, ಕರುಳಿನ ಕಾಯಿಲೆ ತರುವ ಕಾಕ್ಸಿ ಎಲ್ಲ ಹೊಟ್ಟೆಗೆ ಹೋಗುತ್ತವೆ. ನಾನು ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ತೊಟ್ಟಿ ಮಾಡಿಕೊಂಡಿದ್ದೇನೆ. ಎಲ್ಲ ಹಕ್ಕಿ ಒಟ್ಟಿಗೆ ಕೊಕ್ಕು ಹಾಕುವಷ್ಟು ಉದ್ದ ಇರಬೇಕು, ಇಲ್ಲದಿದ್ದರೆ ಜೋರಿನವು ಎರಡು ಪಾಲು ತಿನ್ನುತ್ತವೆ. ಹತ್ತು ನಿಮಿಷದಲ್ಲಿ ಖಾಲಿಯಾಗಬೇಕು. ಮೊದಲ ಎರಡು ಹಕ್ಕಿ ನೀರಿಗೆ ಹೊರಳಿದವು ಅಂದರೆ ಗುಂಪಿಗೆ ಸಾಕಾಗುತ್ತಾ ಬಂತು ಅಂತ ಲೆಕ್ಕ. ಉಳಿದದ್ದನ್ನು ತೆಗೆದುಬಿಡಿ. ನೀರು ಯಾವಾಗಲೂ ಇರಲಿ. ಇದ್ದಿಲು, ಕುಟ್ಟಿದ ಇಟ್ಟಿಗೆ, ಕಪ್ಪೆಚಿಪ್ಪಿನ ಚೂರು, ಒಂದು ಚಿಟಿಕೆ ಉಪ್ಪು ಬೇರೆ ಬಟ್ಟಲಲ್ಲಿ ಇಡಿ. ಹಲ್ಲಿಲ್ಲದ ಹಕ್ಕಿಗೆ ಕಾಳು ಅರೆಯಲು ಹೊಟ್ಟೆಯಲ್ಲಿ ಕಲ್ಲು ಬೇಕಲ್ಲ.

ಕಾಳು ಇಡುವುದು ಎಲ್ಲಿ ಅನ್ನುವುದು ಕೊಡಗಿನಲ್ಲಿ ದೊಡ್ಡ ಪ್ರಶ್ನೆ. ಜೂನ್‌ಗೆ ಮುಂಚೆ ಕಣದಲ್ಲಿ ಕಾಫಿ ಒಣಗಿಸುವ ಹಾಗೆ ಎರಡು ಬಿಸಿಲು ಕಾಯಿಸಿ, ಡ್ರಮ್ಮಿಗೆ ತುಂಬಿ, ಅಟ್ಟದ ಮೇಲೆ, ಒಲೆಯ ಶಾಖ ತಾಗುವ ಕಡೆ ಇಡುತ್ತೇನೆ. ತೆಗೆದಾಗಲೆಲ್ಲ ಒಂದು ಕಾಳು ಹಲ್ಲಿಗೆ ಕೊಡಿ. ಟಕ್ ಅಂತ ಒಡೆದರೆ ಸರಿ. ಅಮುಕಿದ ಹಾಗೆ ಆದರೆ ಮತ್ತೆ ಒಣಗಿಸಿ.

ದಿನಾ ಹಾರಿಸುವುದೋ, ಬಿಟ್ಟು ಬಿಟ್ಟೋ?

ಮರಿಗೆ ಒಂದು ಲೆಕ್ಕ, ದೊಡ್ಡದಕ್ಕೆ ಇನ್ನೊಂದು. ಮೊಟ್ಟೆ ಒಡೆಯುವುದು 17–18 ದಿನಕ್ಕೆ. ತಿಂಗಳ ಮರಿ ತಾನೇ ತಿನ್ನುತ್ತದೆ. ಆರು ವಾರ ದಾಟಿದ ಮೇಲೆ ಹಾರಲು ಕಲಿಯುತ್ತದೆ. ಈ ವಯಸ್ಸಿನಲ್ಲಿ ದಿನಾ ಹಾರಿಸಬೇಕು, ಗುಂಪಿನಲ್ಲಿ ಇರುವುದನ್ನು ಕಲಿಯುವುದೇ ಆಗ. ಲಾಗ ಶುರುವಾಗುವುದು ಸಾಮಾನ್ಯವಾಗಿ ಮೂರು ತಿಂಗಳಿಂದ ಆರು ತಿಂಗಳ ಒಳಗೆ. ಕೆಲವು ವರ್ಷವಿಡೀ ಸುಮ್ಮನಿದ್ದು ಆಮೇಲೆ ಚೆನ್ನಾಗಿ ಉರುಳುತ್ತವೆ, ಅವಸರಪಟ್ಟು ಮಾರಬೇಡಿ. ಲಾಗ ಹೊಸದಾಗಿ ಬಂದ ಮರಿಗೆ ಹಿಡಿತ ಇರುವುದಿಲ್ಲ. ಅದಕ್ಕೆ ಆ ವಾರಗಳಲ್ಲಿ ಕಾಳು ಕಮ್ಮಿ ಮಾಡಬಾರದು. ಬೇಕಾದರೆ ಎರಡು ದಿನ ಬಿಟ್ಟು ಹಾರಿಸಿ.

ದೊಡ್ಡ ಹಕ್ಕಿಗೆ ದಿನ ಬಿಟ್ಟು ದಿನ ಸಾಕು. ದಿನಾ ಹಾರಿಸಿದರೆ ಅವಕ್ಕೂ ಬೇಜಾರು. ಎರಡು ಸುತ್ತು ಹಾಕಿ ಹೆಂಚಿನ ಮೇಲೆ ಕೂರುತ್ತವೆ. ವಿಶ್ರಾಂತಿ ಕೊಟ್ಟ ಹಕ್ಕಿ ಏರಿದ ಐದೇ ನಿಮಿಷಕ್ಕೆ ಉರುಳಲು ಶುರು ಮಾಡುತ್ತದೆ. ನೆಂಟರಿಗೆ ತೋರಿಸಬೇಕು, ಸ್ನೇಹಿತರು ಬರುತ್ತಾರೆ ಅಂದರೆ ನಾನು ಮೂರು ದಿನ ಒಳಗಿಡುತ್ತೇನೆ. ಮೊದಲ ದಿನ ಗೋಧಿ ಪೂರ್ತಿ, ಎರಡನೇ ದಿನ ಅರ್ಧ ಅರ್ಧ, ಹಾರಿಸುವ ಹಿಂದಿನ ಸಂಜೆ ಬರೀ ಜೋಳ, ಅದೂ ಸ್ವಲ್ಪ ಕಮ್ಮಿ. ನನ್ನ ಗೂಡಿನಲ್ಲಿ ಹತ್ತಕ್ಕೆ ಏಳು ಸಲ ಇದು ನಡೆಯುತ್ತದೆ. ಉಳಿದ ಮೂರು ಸಲ ನೆಂಟರ ಮುಂದೆ ಮರ್ಯಾದೆ ಹೋಗುತ್ತದೆ.

ನಿಲ್ಲಿಸದೆ ಉರುಳುತ್ತಾ ನೆಲಕ್ಕೇ ಬೀಳುವ ಹಕ್ಕಿ ಇರುತ್ತದೆ. ರೋಲ್‌ಡೌನ್ ಅಂತಾರೆ. ಒಂದು ಸಲ ಬಿದ್ದರೆ ಕಾಳು, ಕಾಯಿಲೆ ಎಲ್ಲ ನೋಡಿ, ಹದಿನೈದು ದಿನ ಒಳಗಿಟ್ಟು ತಿನ್ನಿಸಿ. ಮತ್ತೆ ಬಿದ್ದರೆ ಹಾರಿಸುವುದು ನಿಲ್ಲಿಸಿ. ಅದರಿಂದ ಮರಿಯಂತೂ ತೆಗೆಯಲೇಬಾರದು. ಆಳಕ್ಕೆ ಉರುಳುತ್ತದೆ ಅನ್ನುವ ಆಸೆಗೆ ಅಂಥದ್ದನ್ನು ಜೋಡಿ ಕಟ್ಟಿದವರ ಗೂಡು ನೋಡಿದ್ದೇನೆ. ವಾರಕ್ಕೊಂದು ಮರಿ ಸಾಯುತ್ತದೆ.

ಬೆಳಿಗ್ಗೆಯೋ, ಸಂಜೆಯೋ?

ಪೇಟೆಯವರು ಕೆಲಸ ಮುಗಿಸಿ ಬಂದು ಸಂಜೆ ಹಾರಿಸುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ, ಆ ನವೆಂಬರ್ ತನಕ. ಸಂಜೆಯ ಕಷ್ಟ ಏನೆಂದರೆ ಹಿಂದೆ ಕತ್ತಲು ಇರುತ್ತದೆ. ಬೆಳಿಗ್ಗೆ ಹಕ್ಕಿ ಜಾಸ್ತಿ ಹಾರಿದರೆ ಮುಂದೆ ಇಡೀ ಹಗಲು ಇದೆ. ಮೋಡಕ್ಕೆ ಸಿಕ್ಕರೂ ಮಧ್ಯಾಹ್ನಕ್ಕೆ ದಾರಿ ಸಿಗುತ್ತದೆ.

ಡಿಸೆಂಬರ್, ಜನವರಿಯಲ್ಲಿ ಗದ್ದೆ ಬಯಲಿನ ಮಂಜು ಏಳುವುದೇ ಎಂಟೂವರೆ, ಒಂಬತ್ತಕ್ಕೆ. ಎದುರು ಗುಡ್ಡದ ಸಿಲ್ವರ್ ಓಕ್ ಮರಗಳ ಕೊಂಬೆ ಬಿಡಿಬಿಡಿಯಾಗಿ ಕಂಡರೆ ಬಾಗಿಲು ತೆಗೆಯುತ್ತೇನೆ, ಮಸುಕಾಗಿದ್ದರೆ ಕಾಯುತ್ತೇನೆ. ಮಾರ್ಚ್, ಏಪ್ರಿಲ್‌ನಲ್ಲಿ ಉಲ್ಟಾ. ಬೆಳಿಗ್ಗೆ ಏಳಕ್ಕೇ ಆಕಾಶ ತೊಳೆದ ಹಾಗಿರುತ್ತದೆ. ಮಧ್ಯಾಹ್ನದ ಮೇಲೆ ಕಾಫಿ ಹೂ ಅರಳಿಸುವ ಹೂಮಳೆಯೋ ಅದಾದ ಮೇಲೆ ಬರುವ ಬ್ಯಾಕಿಂಗ್ ಮಳೆಯೋ, ಗುಡುಗು ಸಮೇತ. ತೋಟದವರು ಆ ಮಳೆಗೆ ಕೈಮುಗಿದು ಕಾಯುತ್ತಾರೆ, ನಾನೂ ಕಾಯುತ್ತೇನೆ, ಆದರೆ ಹಕ್ಕಿ ಒಳಗಿದ್ದಾಗ. ಸುಗ್ಗಿ ಹಬ್ಬ ಪುತ್ತರಿಯ ವಾರ ಪಟಾಕಿ, ಗುಂಡಿನ ಸದ್ದು. ಆ ದಿನಗಳಲ್ಲಿ ಬೆಳಿಗ್ಗೆಯೂ ಬೇಡ, ಸಂಜೆಯೂ ಬೇಡ.

ಮಳೆಗಾಲ: ಬಲವಂತದ ರಜೆ

ಜೂನ್‌ನಿಂದ ಸೆಪ್ಟೆಂಬರ್ ತನಕ ಹಾರಿಸುವ ಮಾತೇ ಇಲ್ಲ. ನಡುವೆ ಒಂದು ದಿನ ಬಿಸಿಲು ಬಂತು ಅಂತ ಬಿಡಬೇಡಿ. ತಿಂಗಳಿಂದ ಒಳಗಿದ್ದ ಹಕ್ಕಿ ಹುಚ್ಚೆದ್ದು ಹಾರುತ್ತದೆ.

ಒಂದು ಲಾಭ ಇದೆ. ಪಾರಿವಾಳದ ದೊಡ್ಡ ಗರಿಗಳು ಉದುರಿ ಹೊಸದು ಬರುವುದು ಹೆಚ್ಚುಕಮ್ಮಿ ಇದೇ ತಿಂಗಳುಗಳಲ್ಲಿ. ಹೇಗೂ ಹಾರಿಸುವಂತಿಲ್ಲ, ಆ ಹೊತ್ತಿಗೆ ಗರಿಯ ಕೆಲಸ ಮುಗಿಸಿಕೊಳ್ಳಲಿ. ಗರಿ ಅಂದರೆ ಪ್ರೋಟೀನೇ. ಜಡಿಮಳೆಯ ಕಕ್ಕಡ ತಿಂಗಳಲ್ಲಿ ನಾವು ಮದ್ದುಸೊಪ್ಪು ತಿಂದು ಮೈ ಗಟ್ಟಿ ಮಾಡಿಕೊಳ್ಳುವ ಹಾಗೆ ಅವಕ್ಕೂ ಆಗ ಒಳ್ಳೆಯ ಊಟ. ಗೋಧಿ ಅರ್ಧ, ಜೋಳ ಕಾಲು, ಉಳಿದ ಕಾಲು ಹೆಸರು, ಹುರುಳಿ, ಬಟಾಣಿ. ಗರಿ ಬರುವಾಗ ಹಸಿವು ಹಾಕಿದರೆ ಹೊಸ ಗರಿಯ ಮೇಲೆ ಅಡ್ಡಗೆರೆ ಬೀಳುತ್ತದೆ. ಮುಂದಿನ ವರ್ಷ ಅಲ್ಲೇ ಮುರಿಯುತ್ತದೆ.

ಅಕ್ಟೋಬರ್‌ನಲ್ಲಿ ಕಾವೇರಿ ಸಂಕ್ರಮಣ ಮುಗಿಯುವ ಹೊತ್ತಿಗೆ ಹಕ್ಕಿಗಳು ದುಂಡಗಾಗಿರುತ್ತವೆ. ತಕ್ಷಣ ಹಾರಿಸಿದರೆ ಮೊದಲೇ ಹೇಳಿದ ಕಥೆ. ಎರಡು ವಾರ ಬೇಳೆಕಾಳು ನಿಲ್ಲಿಸಿ. ಭತ್ತ ಅರ್ಧ, ಜೋಳ ಅರ್ಧ ಹಾಕಿ. ಹೆಬ್ಬೆರಳಿಗೆ ಎದೆಮೂಳೆ ಸಿಕ್ಕ ದಿನ ಬಾಗಿಲು ತೆಗೆಯಿರಿ.

ಮುಚ್ಚಿದ ಗೂಡಿನ ಧೂಳು ಮನುಷ್ಯರ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಗುಡಿಸುವಾಗ ಮಾಸ್ಕ್ ಹಾಕಿಕೊಳ್ಳಿ. ಸಾಕುವವರಿಗೆ ಬರುವ ಕೆಮ್ಮನ್ನು ಮಳೆಗಾಲದ ಶೀತ ಅಂತ ಬಿಟ್ಟುಬಿಡುವುದು ತಪ್ಪು.

ದೊಡ್ಡ ಗೂಡೋ, ಕಿಟ್ ಬಾಕ್ಸೋ?

ಕಿಟ್ ಬಾಕ್ಸ್ ಅಂದರೆ ಒಂದು ಗುಂಪಿಗಷ್ಟೇ ಸಾಕಾಗುವ ಪೆಟ್ಟಿಗೆ. ಒಬ್ಬೊಬ್ಬರಿಗೆ ಒಂದೊಂದು ಖಾನೆ. ಒಟ್ಟಿಗೆ ಇರುವ ಹಕ್ಕಿ ಒಟ್ಟಿಗೆ ಹಾರುತ್ತದೆ, ಕಾಳಿನ ಲೆಕ್ಕವೂ ತಪ್ಪುವುದಿಲ್ಲ. ದೊಡ್ಡ ಗೂಡಿನಲ್ಲಿ ಜೋಡಿಗಳು, ಮರಿಗಳು, ಹಾರುವವು ಎಲ್ಲ ಸೇರಿದರೆ ಯಾರು ಎಷ್ಟು ತಿಂದರು ಅಂತ ದೇವರಿಗೇ ಗೊತ್ತು. ಹಾರಿಸುವ ಆಸೆ ಇದ್ದರೆ ಕಿಟ್ ಬಾಕ್ಸೇ ಮಾಡಿ. ಪಶ್ಚಿಮದ ಕಡೆ ಮುಖ ಬೇಡ, ಮಳೆ ಬಡಿಯುವುದೇ ಆ ಕಡೆಯಿಂದ. ನೆಲದಿಂದ ಸೊಂಟದೆತ್ತರಕ್ಕೆ ಏರಿಸಿ, ಕಾಲುಗಳಿಗೆ ತಗಡು ಸುತ್ತಿ. ಹೆಗ್ಗಣ, ಕೇರೆಹಾವು, ಕಾಡುಬೆಕ್ಕು ಮೂರೂ ನಮ್ಮ ತೋಟದಲ್ಲಿ ಇವೆ. ಕೋಳಿ ಬಲೆಯ ಕಣ್ಣು ದೊಡ್ಡದು, ಅದನ್ನು ನಂಬಬೇಡಿ. ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿ.

ಗಿಡುಗ ಬಂದಾಗ

ಪಕ್ಕದ ಲೈನ್‌ಮನೆಯ ಹುಡುಗನೊಬ್ಬ ಎಂಟು ಹಕ್ಕಿ ಸಾಕಿದ್ದಾನೆ. ಮೊನ್ನೆ ಬಂದು ಕೇಳಿದ.

"ಅಣ್ಣಾ, ಗಿಡುಗ ದಿನಾ ಬರ್ತಾ ಇದೆ. ಹಕ್ಕಿಗೆ ಜಾಸ್ತಿ ಕಾಳು ಹಾಕಿದ್ರೆ ಬೇಗ ಹಾರಿ ತಪ್ಪಿಸ್ಕೊಳ್ಳಲ್ವಾ?"

"ಎಷ್ಟು ಗಂಟೆಗೆ ಬಿಡ್ತೀಯ?"

"ದಿನಾ ಒಂಬತ್ತಕ್ಕೆ."

"ಗಿಡುಗಾನೂ ಒಂಬತ್ತಕ್ಕೇ ಬರುತ್ತೆ, ಅಲ್ವಾ?"

ಹುಡುಗ ನಕ್ಕ. ನಾವು ಬಿಡುವ ಹೊತ್ತು ಗಿಡುಗಕ್ಕೂ ಗೊತ್ತಾಗುತ್ತದೆ. ಬಿಜ್ಜು ಅನ್ನುವ ಚಿಕ್ಕ ಗಿಡುಗ (ಶಿಕ್ರಾ), ಮರದ ಮರೆಯಲ್ಲಿ ಕಾದು ಗೂಡಿನ ಹತ್ತಿರವೇ ಎರಗುತ್ತದೆ. ಶಾಹೀನ್ ಡೇಗೆ (ಫಾಲ್ಕನ್) ಹಾಗಲ್ಲ, ಮೇಲಿಂದ ಗುಂಡಿನ ಹಾಗೆ ಬಂದು ಗುಂಪಿಗೇ ಹೊಡೆಯುತ್ತದೆ. ಚಳಿಗಾಲದಲ್ಲಿ ವಲಸೆ ಬರುವ ಡೇಗೆಗಳೂ ಸೇರಿಕೊಳ್ಳುತ್ತವೆ. ಹೊಟ್ಟೆ ಭಾರವಾದ ಹಕ್ಕಿ ತಪ್ಪಿಸಿಕೊಳ್ಳುವುದಿಲ್ಲ, ಸೊರಗಿದ್ದೂ ತಪ್ಪಿಸಿಕೊಳ್ಳುವುದಿಲ್ಲ. ಕಾಳಿನಿಂದ ಆಗುವ ಸಹಾಯ ಒಂದೇ: ಕರೆದಾಗ ಬೇಗ ಇಳಿಯುವುದು. ಉಳಿದದ್ದೆಲ್ಲ ಹೊತ್ತು ಬದಲಾಯಿಸುವುದು, ಒಂದು ದಿನ ಎಂಟೂವರೆ, ಇನ್ನೊಂದು ದಿನ ಹತ್ತು, ಕಾಟ ಜಾಸ್ತಿಯಾದರೆ ಹತ್ತು ದಿನ ಹಾರಿಸದೇ ಇರುವುದು. ಕೋವಿ ತೆಗೆಯುವ ಯೋಚನೆ ಬೇಡ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಗಿಡುಗ, ಡೇಗೆಗಳನ್ನು ಕೊಲ್ಲುವುದು, ಹಿಡಿಯುವುದು ಅಪರಾಧ.

ಕರೆಯುವುದಕ್ಕೆ ಡಬ್ಬ ಒಳ್ಳೆಯದೋ ಶಿಳ್ಳೆಯೋ ಅಂದರೆ, ಎರಡಕ್ಕಿಂತ ಒಂದು ಬಿಳಿ ಲಕ್ಕಾ ಜೋಡಿ ಒಳ್ಳೆಯದು. ಬಾಲ ಬೀಸಣಿಗೆಯ ಹಾಗಿರುವ ಲಕ್ಕಾ ಎತ್ತರಕ್ಕೆ ಹಾರುವುದಿಲ್ಲ. ಗುಂಪು ಮೇಲಿರುವಾಗ ಅದನ್ನು ಕಿಟ್ ಬಾಕ್ಸಿನ ಮುಂದಿನ ಹಲಗೆಯ ಮೇಲೆ ಬಿಟ್ಟು ನಾಲ್ಕು ಕಾಳು ಹಾಕಿ. ಕಾಫಿ ಗಿಡದ ಕಡು ಹಸಿರಿನ ನಡುವೆ ಆ ಬಿಳಿ ಎಷ್ಟು ದೂರಕ್ಕೂ ಕಾಣುತ್ತದೆ. ಮರಿಗಳಿದ್ದಾಗಿನಿಂದ ಲಕ್ಕಾ ಕಂಡ ಕೂಡಲೇ ಊಟ ಅಂತ ಅಭ್ಯಾಸ ಮಾಡಿಸಿದ್ದರೆ, ಹಸಿದ ಗುಂಪು ಎರಡು ಸುತ್ತು ಹಾಕಿ ರೆಕ್ಕೆ ಮಡಚುತ್ತದೆ. ಆ ನವೆಂಬರ್‌ನಲ್ಲಿ ನನ್ನ ಹತ್ತಿರ ಲಕ್ಕಾ ಇರಲಿಲ್ಲ. ಈಗ ಎರಡು ಇವೆ, ಜೋಳವೂ ಇದೆ. ಇವತ್ತು ಬೆಳಿಗ್ಗೆ 18 ಬಿಟ್ಟೆ. 26 ನಿಮಿಷಕ್ಕೆ 18 ಇಳಿದವು.